ಐಡ್ಲಿಂಗ್ ಏರಿಕೆ, ಹಳೆಯ ಬೈಕುಗಳಲ್ಲಿ
ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ತಗ್ಗದಿರುವ ದೋಷ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ (1961–1996) ಜಾವಾ, ಯೆಜ್ಡಿ ಟೂ-ಸ್ಟ್ರೋಕ್ ಬೈಕುಗಳು ಹಳತಾದಂತೆ ಇದು ಕಾಣಿಸಿಕೊಳ್ಳುತ್ತದೆ. ಹ್ಯಾಂಡಲ್ ತಿರುಗಿಸಿದಾಗ ಸದ್ದು ಏರಿದರೆ ಕೇಬಲ್ ಬಿಗಿಯಾಗಿದೆ ಎಂದರ್ಥ. ಆಂಧ್ರದ ರೊಳ್ಳ, ಮಡಕಶಿರದಂಥ ಒಣನಾಡಿನ ಧೂಳಿಗೆ ಕಾರ್ಬ್ಯುರೇಟರಿನ ಸ್ಲೈಡ್ ಸವೆದು ಸಿಕ್ಕಿಕೊಳ್ಳುವುದೂ ಉಂಟು. ಐಡ್ಲಿಂಗ್ ಸ್ಕ್ರೂ ಸಡಿಲಿಸಿ ಸುಮ್ಮನಾಗುವುದು ರೋಗ ಮುಚ್ಚಿಡುವ ಕೆಲಸ. ಕೇಬಲ್, ಸ್ಲೈಡ್ ಸರಿಯಿದ್ದೂ ವೇಗ ತಗ್ಗದಿದ್ದರೆ ಗಾಳಿ ಸೋರಿಕೆಯನ್ನೇ ಶಂಕಿಸಬೇಕು: ಕಾರ್ಬ್ಯುರೇಟರ್ ಕೂರುವಲ್ಲಿನ ಗ್ಯಾಸ್ಕೆಟ್, ಇಲ್ಲವೇ ಡೈನಮೋ ಕಡೆಯ ಕ್ರ್ಯಾಂಕ್ ಸೀಲ್. ಹೊರಗಾಳಿ ನುಗ್ಗಿದರೆ ಪೆಟ್ರೋಲ್ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. ಆಯಿಲ್ ಪೆಟ್ರೋಲಿನಲ್ಲೇ ಬೆರೆತಿರುವುದರಿಂದ ಜಾರುವಿಕೆಯೂ ಕುಗ್ಗಿ ಪಿಸ್ಟನ್ ಸೀಜ್ ಆಗಬಹುದು. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಸೇರಿ ದಟ್ಟ ಹೊಗೆ ಬರುತ್ತದೆ. ಸೀಲ್ ಬದಲಿಸದೆ ಬೇರೆ ದಾರಿಯಿಲ್ಲ.