ಗಾಳದ ಕೋಲು ಮತ್ತು ರೀಲು: ಆಯ್ಕೆಯ ಇತಿಹಾಸ

ಬಲೆಯ ನೆರವಿಲ್ಲದೆ, ಒಂದೇ ದಾರದಿಂದ ಬಲಿಷ್ಠವಾದ ಮೀನನ್ನು ವಿನೋದಾರ್ಥವಾಗಿ ಹಿಡಿಯುವವರ ಮುಖ್ಯ ಸಾಧನ ಗಾಳದ ಕೋಲು ಮತ್ತು ರೀಲಿನ ಜೋಡಿ. ಕೋಲು ಬಾಗಿ ಮೀನಿನ ಸೆಳೆತವನ್ನು ತಾಳಿಕೊಳ್ಳುತ್ತದೆ. ರೀಲು ತನ್ನ ಉರುಳೆಯಲ್ಲಿ ಸುತ್ತಿದ ದಾರವನ್ನು, ಮೀನು ಓಡುವಾಗ ತಕ್ಕಷ್ಟು ತಡೆಯೊಡನೆ ಬಿಟ್ಟುಕೊಟ್ಟು, ಅದು ದಣಿದಾಗ ಮರಳಿ ಸುತ್ತಿಕೊಳ್ಳುತ್ತದೆ. ಇವುಗಳ ಆಯ್ಕೆಯನ್ನು ಕುರಿತ ಇತಿಹಾಸಗಳು ಬಹುಮಟ್ಟಿಗೆ ಇಂಗ್ಲೆಂಡ್ ಮತ್ತು ಅಮೆರಿಕೆಗಳ ವೃತ್ತಾಂತವನ್ನೇ ಹೇಳುತ್ತವೆ. ಕರ್ನಾಟಕಕ್ಕೆ ಸಂಬಂಧಿಸಿದ ಆಧಾರಗಳೋ ಹನ್ನೆರಡನೆಯ ಶತಮಾನದ ಒಂದು ಸಂಸ್ಕೃತ ಗ್ರಂಥದಲ್ಲಿ, 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ ಹಾಗೂ ಕಾವೇರಿ ತೀರದ ಇತ್ತೀಚಿನ ದಾಖಲೆಗಳಲ್ಲಿ ಚದುರಿಹೋಗಿವೆ. ಅವನ್ನು ಒಂದೆಡೆ ಕೂಡಿಸಿ ನೋಡಿದಾಗ, ಸಲಕರಣೆಯ ಆಯ್ಕೆ ಬಹುಮಟ್ಟಿಗೆ ಮೀನಿನ ಸ್ವಭಾವದ ಅರಿವನ್ನು ಅವಲಂಬಿಸಿತ್ತೆಂಬುದು ಸ್ಪಷ್ಟವಾಗುತ್ತದೆ.

ಮಾನಸೋಲ್ಲಾಸದ ಮತ್ಸ್ಯವಿನೋದ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ 'ಮಾನಸೋಲ್ಲಾಸ'ವು ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ವಿಭಜನೆಗೊಂಡಿದ್ದು, ಅರಸನ ವಿನೋದಗಳನ್ನು ವಿವರಿಸುವ ಭಾಗದಲ್ಲಿ 'ಮತ್ಸ್ಯವಿನೋದ'ವೆಂಬ ಅಧ್ಯಾಯವನ್ನು ಒಳಗೊಂಡಿದೆ. ಮೀನುಗಳನ್ನು ಸಮುದ್ರದವು, ನದಿಯವು ಎಂದೂ, ಹುರುಪೆಯುಳ್ಳವು, ಇಲ್ಲದವು ಎಂದೂ, ಗಾತ್ರಾನುಸಾರವಾಗಿಯೂ ವಿಂಗಡಿಸಿ, ಸುಮಾರು ಮೂವತ್ತೈದು ಬಗೆಗಳನ್ನು ಹೆಸರಿಸಿ, ಯಾವುದಕ್ಕೆ ಯಾವ ಆಹಾರವನ್ನಿಕ್ಕಿ ಒಲಿಸಬೇಕೆಂಬುದನ್ನು ಗ್ರಂಥಕರ್ತನು ಹೇಳುತ್ತಾನೆ. ಬಳಿಕ ದಾರ, ಕೋಲು, ಗಾಳಗಳ ವಿಷಯಕ್ಕೆ ಬರುತ್ತಾನೆ. ಮೊದಲು ಮೀನು, ಆಮೇಲೆ ಸಾಧನ ಎಂಬ ಈ ಅನುಕ್ರಮವೇ ಅಧ್ಯಾಯದ ವೈಶಿಷ್ಟ್ಯ.

ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಜಿ. ಕೆ. ಶ್ರೀಗೊಂಡೇಕರರ ಸಂಪಾದನೆಯಿಂದ 1925, 1939 ಮತ್ತು 1961ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಈ ಗ್ರಂಥದ ಮತ್ಸ್ಯಭಾಗವನ್ನು ಪ್ರಾಣಿಶಾಸ್ತ್ರದ ದೃಷ್ಟಿಯಿಂದ ಮೊದಲು ಪರಿಶೀಲಿಸಿದವರು ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ. ಅವರ ಲೇಖನ 1951ರಲ್ಲಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಂದಿತು. 2005ರಲ್ಲಿ ನಳಿನಿ ಸಾಧಲೆ ಮತ್ತು ವೈ. ಎಲ್. ನೇನೆ ಅವರು ಅದೇ ಭಾಗವನ್ನು ಮತ್ತೊಮ್ಮೆ ವಿವೇಚಿಸಿದರು. ಗ್ರಂಥದಲ್ಲಿನ ಹೆಸರುಗಳನ್ನು ಇಂದಿನ ಮೀನುಗಳೊಂದಿಗೆ ಹೊಂದಿಸುವುದು ಸುಲಭವಲ್ಲ: ಒಂದೇ ಹೆಸರು ನದಿಯಿಂದ ನದಿಗೆ ಬೇರೆ ಬೇರೆ ಮೀನಿಗೆ ಸಲ್ಲುತ್ತದೆ, ವರ್ಣನೆಗಳೂ ಸಂಕ್ಷಿಪ್ತವಾಗಿವೆ.

ಒಳನಾಡಿನ ರಾಜಧಾನಿಯಲ್ಲಿದ್ದ ಅರಸನಿಗೆ ಕಡಲಮೀನಿನ ಪರಿಚಯ ಹೇಗಾಯಿತೆಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಕೃಷ್ಣಾ–ಭೀಮಾ ನಡುವಿನ ಸೀಮೆ ಈ ರಾಜ್ಯದ ಒಳನಾಡಾಗಿದ್ದಿತಾದರೂ, ಗೋವೆಯ ಕದಂಬರಂತಹ ಸಾಮಂತರ ಮೂಲಕ ಕೊಂಕಣದ ಕರಾವಳಿಯೂ ಚಾಲುಕ್ಯರ ಅಧೀನಕ್ಕೆ ಒಳಪಟ್ಟಿದ್ದಿತು. ಆದುದರಿಂದ ಸಮುದ್ರಮತ್ಸ್ಯಗಳ ಉಲ್ಲೇಖವನ್ನು ಬರಿಯ ಶಾಸ್ತ್ರಪಾಂಡಿತ್ಯವೆಂದು ತಳ್ಳಿಹಾಕಲು ಕಾರಣವಿಲ್ಲ. ಆದರೆ ಇದು ಅರಮನೆಯ ವಿನೋದದ ವರ್ಣನೆಯಾದುದರಿಂದ, ನದೀತೀರದ ಬೆಸ್ತರ ವಾಡಿಕೆಗೆ ಇದನ್ನೇ ಪ್ರಮಾಣವೆಂದು ಹಿಡಿಯುವಂತಿಲ್ಲ. ರೀಲಿನ ಇತಿಹಾಸಕ್ಕಂತೂ ಬೇರೆ ಆಕರಗಳನ್ನೇ ಆಶ್ರಯಿಸಬೇಕಾಗುತ್ತದೆ.

ರೀಲಿನ ಉಗಮ

ರೀಲಿನ ಅತ್ಯಂತ ಹಳೆಯ ಚಿತ್ರವೆಂದು ಸಾಮಾನ್ಯವಾಗಿ ಒಪ್ಪಿಕೊಂಡಿರುವುದು ಚೀನದ ಮಾ ಯುವಾನ್ 1195ರ ಸುಮಾರಿನಲ್ಲಿ ಬರೆದ ಚಿತ್ರ; ದೋಣಿಯಲ್ಲಿ ಒಬ್ಬನೇ ಕುಳಿತ ಗಾಳಗಾರನ ಕೋಲಿನಲ್ಲಿ ಸಣ್ಣ ಗಾಲಿಯೊಂದು ಅದರಲ್ಲಿ ಕಾಣುತ್ತದೆ. ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದ ಮಧ್ಯಭಾಗದಿಂದ ರೀಲಿನ ಉಲ್ಲೇಖ ದೊರೆಯುತ್ತದೆ. ಹಿಡಿಯನ್ನು ಒಮ್ಮೆ ತಿರುಗಿಸಿದರೆ ಉರುಳೆ ಹಲವು ಸಲ ಸುತ್ತುವ ಹಲ್ಲುಗಾಲಿಯ ರೀಲು ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಮಾರಾಟಕ್ಕೆ ಬಂದು, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕೆಯ ಕೆಂಟಕಿಯ ಗಡಿಯಾರ ಕುಶಲಿಗಳ ಕೈಯಲ್ಲಿ ನಯವಾಯಿತು. ಉರುಳೆ ನಿಶ್ಚಲವಾಗಿದ್ದು ದಾರ ಮಾತ್ರ ಬಿಚ್ಚಿಕೊಳ್ಳುವ ಮಾದರಿಗೆ ಆಲ್ಫ್ರೆಡ್ ಇಲಿಂಗ್‌ವರ್ತ್ 1905ರಲ್ಲಿ ಪೇಟೆಂಟ್ ಪಡೆದನು.

ಮಂಗಳೂರಿನ ಗ್ರಂಥ

ಭಾರತದ ಮೀನಿಗೆ ತಕ್ಕ ಸಲಕರಣೆ ಯಾವುದೆಂಬುದನ್ನು ವಿಸ್ತಾರವಾಗಿ ಚರ್ಚಿಸಿದ ಪ್ರಸಿದ್ಧ ಪುಸ್ತಕ ಹೊರಬಂದುದು ಕನ್ನಡ ಜಿಲ್ಲೆಯಿಂದಲೇ. ಮದರಾಸು ಸಿವಿಲ್ ಸರ್ವಿಸಿಗೆ ಸೇರಿದ್ದು ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್, ಆ ಜಿಲ್ಲೆಯ ಮತ್ಸ್ಯಸಂಪತ್ತನ್ನು ಕುರಿತು ಸರಕಾರಕ್ಕೆ ವರದಿ ಸಲ್ಲಿಸಿದ ಬಳಿಕ, 1873ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ 'ದಿ ರಾಡ್ ಇನ್ ಇಂಡಿಯಾ' ಎಂಬ ಗ್ರಂಥವು 1881 ಮತ್ತು 1897ರಲ್ಲಿ ಪರಿಷ್ಕೃತವಾಗಿ ಮರುಮುದ್ರಣಗೊಂಡಿತು. ಗ್ರಂಥದ ಮುಖ್ಯ ವಿಷಯ ಮಹಶೀರ್. ಕಾವೇರಿ ತೀರದವರು ಬಿಳಿಮೀನು ಎನ್ನುವುದು ಇದೇ ಬಳಗದ ಮೀನನ್ನು. ಇಂಗ್ಲಿಷರು ತಮ್ಮ ನಾಡಿನ ಸಾಲ್ಮನ್ ಮೀನಿಗೆಂದು ಮಾಡಿಸಿದ ಕೋಲನ್ನೇ ಇಲ್ಲಿಗೂ ತರುತ್ತಿದ್ದ ಕಾಲದಲ್ಲಿ, ಮಹಶೀರಿನ ಬಲವೆಲ್ಲವೂ ಅದರ ಮೊದಲ ಓಟದಲ್ಲಿಯೇ ಇದೆಯೆಂದು ಥಾಮಸ್ ವಾದಿಸಿದನು. ಗಾಳ ತಗುಲಿದ ಕ್ಷಣದಲ್ಲಿ ಮೀನು ನೂರಾರು ಅಡಿ ದಾರವನ್ನು ಒಂದೇ ಉಸಿರಿಗೆ ಎಳೆದೊಯ್ಯುವುದಾದರೆ, ಕೋಲಿನ ಉದ್ದಕ್ಕಿಂತ ರೀಲಿನ ಧಾರಣಶಕ್ತಿಯೇ ಮುಖ್ಯವಾಗುತ್ತದೆ. ದವಡೆಯ ಒತ್ತಿಗೆ ಸಾಧಾರಣ ಗಾಳ ನಲುಗಿಹೋಗುವುದಾದರೆ, ಗಾಳದ ಉಕ್ಕು ದಪ್ಪವಾಗಿರಬೇಕಾಗುತ್ತದೆ. ಮೀನಿನ ವರ್ತನೆಯಿಂದ ಸಾಧನವನ್ನು ನಿರ್ಣಯಿಸುವ ಈ ಪದ್ಧತಿಯಿಂದಾಗಿ ಥಾಮಸನ ಗ್ರಂಥಕ್ಕೆ ಈ ಇತಿಹಾಸದಲ್ಲಿ ಮಹತ್ತ್ವದ ಸ್ಥಾನ ಸಲ್ಲುತ್ತದೆ.

ಕಾವೇರಿಯ ಮೀನು ಮತ್ತು ಹೆಸರಿನ ಗೊಂದಲ

ಮೈಸೂರು ಸೀಮೆಯಲ್ಲಿ 1946ರಲ್ಲಿ ವಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ 120 ಪೌಂಡಿನ, ಎಂದರೆ ಸುಮಾರು 54 ಕಿಲೋಗ್ರಾಂ ತೂಕದ ಮಹಶೀರ್ ದೀರ್ಘಕಾಲ ದಾಖಲೆಯೆಂದು ಉಲ್ಲೇಖಿತವಾಯಿತು. 1977ರಲ್ಲಿ ಬ್ರಿಟನ್ನಿನಿಂದ ಬಂದ ಸಣ್ಣ ತಂಡವೊಂದು ಕಾವೇರಿಯ ಮೀನನ್ನು ಮತ್ತೆ ಲೋಕಪ್ರಸಿದ್ಧಗೊಳಿಸಿದ ಮೇಲೆ, ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳು ಏರ್ಪಟ್ಟವು. ಇಲ್ಲಿ ರೂಢಿಗೆ ಬಂದ ಕ್ರಮ ವಿಶಿಷ್ಟವಾದುದು: ಬೇಯಿಸಿದ ರಾಗಿಹಿಟ್ಟಿನ ಉಂಡೆಯನ್ನು ಗಾಳಕ್ಕೆ ಕಟ್ಟಿ, ಸೀಸದ ತೂಕದೊಡನೆ ಬಂಡೆಗಳ ನಡುವಣ ಮಡುವಿಗೆ ಇಳಿಬಿಟ್ಟು, ಮೀನು ದಾರವನ್ನು ಬಂಡೆಯ ಸಂದಿಗೆ ಎಳೆದೊಯ್ದಾಗ ಹರಿಗೋಲಿನಲ್ಲಿ ಹಿಂಬಾಲಿಸುವುದು. ಬಂಡೆಯ ಅಂಚಿಗೆ ಉಜ್ಜಿದ ದಾರ ಕ್ಷಣಮಾತ್ರದಲ್ಲಿ ಕಡಿದುಹೋಗುವುದರಿಂದ, ದಪ್ಪವಾದ ನೈಲಾನ್ ದಾರವನ್ನು ಹೇರಳವಾಗಿ ಹಿಡಿಯುವ ಅಂಬಾಸಡರ್ 7000ದಂತಹ ರೀಲು ಇಲ್ಲಿ ಬಹು ಬಳಕೆಯಲ್ಲಿದ್ದಿತು.

ಇಷ್ಟು ಪ್ರಸಿದ್ಧವಾದ ಮೀನಿಗೆ ದೀರ್ಘಕಾಲ ಸರಿಯಾದ ಶಾಸ್ತ್ರೀಯ ಹೆಸರೇ ಇರಲಿಲ್ಲ. ಸೈಕ್ಸ್ ಎಂಬ ಅಧಿಕಾರಿ 1839ರಲ್ಲಿ ಭೀಮೆಯ ಉಪನದಿಯಾದ ಘೋಡ್ ನದಿಯಿಂದ ವರ್ಣಿಸಿದ 'ಮುಸ್ಸುಲ್ಲ' ಎಂಬ ಹೆಸರನ್ನು ಹೋರಾ ಅವರು 1943ರಲ್ಲಿ ಕಾವೇರಿಯ ಗೂನುಬೆನ್ನಿನ ಮಹಶೀರಿಗೆ ಅನ್ವಯಿಸಿದರು. ಮುಂದಿನ ಗ್ರಂಥಗಳು ಅದನ್ನೇ ಅನುಸರಿಸಿದವು. ಸೈಕ್ಸ್ ಕಂಡ ಮೀನು ಮಹಶೀರ್ ಕುಲದ್ದೇ ಅಲ್ಲ, ಹಿಪ್ಸೆಲೊಬಾರ್ಬಸ್ ಕುಲದ್ದು ಎಂಬ ವಾದ 2013ರಲ್ಲಿ ಮಂಡಿತವಾಯಿತು. ಕಾವೇರಿಯ ಮೀನು 'ಟೋರ್ ರೆಮಾದೇವಿ' ಎಂದು 2018ರಲ್ಲಿ ಗುರುತಿಸಲ್ಪಟ್ಟು, ಅದೇ ವರ್ಷ ಅತ್ಯಂತ ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿತು. ಹೀಗಾಗಿ ಭೀಮೆ, ಕೃಷ್ಣೆ, ಕಾವೇರಿಗಳ ಮೀನುಗಳನ್ನು ಒಂದೇ ಹೆಸರಿನಡಿ ಸೇರಿಸಿ ತೂಕ ಹೇಳಿದ ಹಳೆಯ ಪಟ್ಟಿಗಳನ್ನು ಎಚ್ಚರದಿಂದ ಬಳಸಬೇಕು. ಕಾವೇರಿ ವನ್ಯಧಾಮದೊಳಗಿನ ಗಾಳದ ಕ್ರೀಡೆಯಾದರೋ, ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕಾರಣದಿಂದ 2012ರ ಸುಮಾರಿಗೆ ನಿಂತುಹೋಯಿತು.

ಕಡಲಿನ ಸಲಕರಣೆ

ಚಾರ್ಲ್ಸ್ ಹೋಲ್ಡರ್ ಎಂಬಾತ 1898ರಲ್ಲಿ ಕ್ಯಾಲಿಫೋರ್ನಿಯದ ಕಟಲೀನಾ ದ್ವೀಪದ ಬಳಿ 183 ಪೌಂಡಿನ ಟ್ಯೂನಾ ಮೀನನ್ನು ಕೋಲಿನಿಂದ ಹಿಡಿದು, ಅದೇ ವರ್ಷ ಟ್ಯೂನಾ ಕ್ಲಬ್ಬನ್ನು ಸ್ಥಾಪಿಸಿದನು. ಅಂದಿನ ರೀಲಿನಲ್ಲಿ ಮೀನು ಓಡಿದೊಡನೆ ಹಿಡಿಯೂ ಹಿಮ್ಮುಖವಾಗಿ ತಿರುಗಿ ಬೆರಳಿನ ಗೆಣ್ಣುಗಳಿಗೆ ಬಡಿಯುತ್ತಿದ್ದಿತು. ತಡೆಯೆಂದರೆ ಹೆಬ್ಬೆರಳಿನಿಂದ ಒತ್ತುವ ತೊಗಲಿನ ಪಟ್ಟಿ ಮಾತ್ರ. ಗಾಳಗಾರ ವಿಲಿಯಂ ಬೋಶೆನ್ನನ ಸೂಚನೆಯಂತೆ 1913ರ ವೇಳೆಗೆ ಜೂಲಿಯಸ್ ವಾಮ್ ಹಾಫ್ ತಯಾರಿಸಿದ ರೀಲಿನಲ್ಲಿ, ಹಿಡಿಯ ಬುಡದ ನಕ್ಷತ್ರಾಕಾರದ ತಿರುಪಿನಿಂದ ಒಳಗಿನ ಬಿಲ್ಲೆಗಳ ಘರ್ಷಣೆಯನ್ನು ಹೆಚ್ಚಿಸಲೂ ತಗ್ಗಿಸಲೂ ಸಾಧ್ಯವಾಯಿತು. ಇದೇ ಇಂದಿನ ಡ್ರ್ಯಾಗ್. ಕಡಲಬೇಟೆಯ ಇತಿಹಾಸದಲ್ಲಿ ಇದೊಂದು ದೊಡ್ಡ ತಿರುವು. 1939ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಗೇಮ್ ಫಿಶ್ ಸಂಘವು ದಾರದ ಬಲವನ್ನೇ ಮೂಲಮಾನವಾಗಿಸಿ 30, 50, 80, 130 ಪೌಂಡುಗಳೆಂಬ ವರ್ಗಗಳನ್ನು ರೂಢಿಗೆ ತಂದಿತು. ಬಿದಿರಿನ ಸ್ಥಾನಕ್ಕೆ ಎರಡನೆಯ ಮಹಾಯುದ್ಧಾನಂತರ ಫೈಬರ್‌ಗ್ಲಾಸ್, 1970ರ ದಶಕದಲ್ಲಿ ಕಾರ್ಬನ್ ಬಂದವು.

ಆಯ್ಕೆಯ ಸೂತ್ರ ಇಂದು ದಾರದಿಂದ ಆರಂಭವಾಗುತ್ತದೆ. ಡ್ರ್ಯಾಗಿನ ತಡೆ ದಾರದ ಬಲದ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇರಬೇಕೆಂಬುದು ಸಾಮಾನ್ಯ ನಿಯಮ. 50 ಪೌಂಡಿನ ದಾರಕ್ಕೆ ಇದು ಸುಮಾರು 12ರಿಂದ 16 ಪೌಂಡು. ಇಷ್ಟು ಅಂತರವನ್ನು ಉಳಿಸಿಕೊಳ್ಳಲು ಕಾರಣವುಂಟು: ಮೀನು ಓಡಿದಂತೆ ಉರುಳೆಯ ಮೇಲಿನ ಸುತ್ತು ತೆಳ್ಳಗಾಗಿ, ಅದರ ತ್ರಿಜ್ಯ ಅರ್ಧಕ್ಕಿಳಿದಾಗ, ತಿರುಪನ್ನು ಮುಟ್ಟದಿದ್ದರೂ ದಾರದ ಮೇಲಣ ಎಳೆತ ಇಮ್ಮಡಿಯಾಗುತ್ತದೆ, 15 ಪೌಂಡು 30 ಆಗುತ್ತದೆ. ಬಾಗಿಹೋದ ಉದ್ದನೆಯ ದಾರಕ್ಕೆ ನೀರು ಒಡ್ಡುವ ತಡೆಯೂ ಇದಕ್ಕೆ ಸೇರುತ್ತದೆ. ದೊಡ್ಡ ಉರುಳೆಯ ರೀಲನ್ನು ಆರಿಸುವುದರ ಪ್ರಯೋಜನ ದಾರ ಹೆಚ್ಚು ಹಿಡಿಯುವುದಷ್ಟೇ ಅಲ್ಲ, ಈ ಏರಿಕೆಯನ್ನು ತಗ್ಗಿಸುವುದೂ ಹೌದು. ಕೋಲು ಅದೇ ವರ್ಗದ್ದಾಗಿರಬೇಕು. ಉಪ್ಪುನೀರಿಗೆ ತುಕ್ಕು ಹಿಡಿಯದ ಲೋಹವಿರಬೇಕು.

ಕರ್ನಾಟಕದ ಕರಾವಳಿಯಲ್ಲಿ ಈ ಕ್ರೀಡೆ ಹೊಸತು. ಮಂಗಳೂರು, ಮಲ್ಪೆ, ಕಾರವಾರಗಳ ಮೀನುಗಾರಿಕೆ ರಂಪಣಿಯೆಂಬ ದಡಕ್ಕೆಳೆಯುವ ದೊಡ್ಡ ಬಲೆಯಿಂದ ಯಾಂತ್ರಿಕ ದೋಣಿಗಳವರೆಗೆ ಬಲೆಯನ್ನೇ ಮುಖ್ಯವಾಗಿ ನಂಬಿ ಬೆಳೆದುದು. ಕೋಲು–ರೀಲು ಹಿಡಿದು ಅಂಜಲ್, ಟ್ಯೂನಾಗಳನ್ನು ಅರಸುವ ವಿನೋದಗಾರರು ಈಚಿನವರು. ಹಿಂದೆ ತೆಳುದಾರದಿಂದ ದೊಡ್ಡ ಮೀನನ್ನು ಗಂಟೆಗಟ್ಟಲೆ ಆಡಿಸುವುದೇ ಕೌಶಲವೆನಿಸಿದ್ದಿತು. ಹಿಡಿದು ಮರಳಿ ಬಿಡುವ ಪದ್ಧತಿ ಹರಡಿದಂತೆ, ಬಳಲಿದ ಮೀನು ಬಿಟ್ಟರೂ ಬದುಕುವುದು ಕಷ್ಟವೆಂಬ ಅರಿವು ಮೂಡಿ, ಸೆಣಸಾಟವನ್ನು ಬೇಗ ಮುಗಿಸಬಲ್ಲ ಬಲವಾದ ಕೋಲು, ನಯವಾದ ಡ್ರ್ಯಾಗ್, ಸಾಮಾನ್ಯವಾಗಿ ದವಡೆಯ ಮೂಲೆಗೆ ಚುಚ್ಚಿಕೊಳ್ಳುವ ವೃತ್ತಾಕಾರದ ಗಾಳ ಇವುಗಳಿಗೆ ಪ್ರಾಶಸ್ತ್ಯ ಸಂದಿದೆ. ಸಲಕರಣೆಯ ಯೋಗ್ಯತೆಯನ್ನು ಹಿಡಿದ ಮೀನಿನ ತೂಕದಿಂದಲ್ಲದೆ, ಬಿಟ್ಟ ಮೀನು ಬದುಕುವುದೇ ಎಂಬುದರಿಂದ ಅಳೆಯುವ ಈ ನಿಲುವು ಆಯ್ಕೆಯ ಇತಿಹಾಸದಲ್ಲಿ ಎಲ್ಲಕ್ಕಿಂತ ಈಚಿನ ಘಟ್ಟ.