ಸಿಗ್ನಲ್ ಇದೆ, ಸುದ್ದಿ ಮುಟ್ಟೀತೆ?

2000ದ ದಶಕದ ನಡುಭಾಗದಲ್ಲಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದ ಹೊಲಗಳಿಗೆ ಪುಟ್ಟ ರೇಡಿಯೊ ಪೆಟ್ಟಿಗೆಗಳು ಬಂದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸ್ವಿಟ್ಜರ್‌ಲೆಂಡಿನ ಇಪಿಎಫ್‌ಎಲ್ ಸಂಸ್ಥೆಯೂ ಕೂಡಿ ನಡೆಸಿದ ‘ಕಾಮನ್‌ಸೆನ್ಸ್ ನೆಟ್’ ಯೋಜನೆ ಅದು. ಮಳೆ ನಂಬಿ ಶೇಂಗಾ ಬಿತ್ತುವವರಿಗೆ ಮಣ್ಣಿನ ತೇವ, ಹವೆಯ ಲೆಕ್ಕ ಒದಗಿಸುವ ಹಂಬಲ. ಬ್ಯಾಟರಿ ಮೇಲೆ ಬದುಕುವ ಈ ಪೆಟ್ಟಿಗೆಗಳು, ಅಂದರೆ ನೋಡ್‌ಗಳು ಕೈಯಿಂದ ಕೈಗೆ ಸುದ್ದಿ ದಾಟಿಸಬೇಕು. ಯಾವ ನೆರೆಯ ನೋಡ್‌ಗೆ ಕೊಟ್ಟರೆ ಅದು ಮುಟ್ಟುತ್ತದೆ? ಇದೊಂದೇ ಪ್ರಶ್ನೆಯ ಬೆನ್ನು ಹತ್ತಿ ಸಂಶೋಧನೆಯ ಒಂದು ಶಾಖೆಯೇ ಬೆಳೆದಿದೆ.

ಮೊದಮೊದಲು ಎಲ್ಲವೂ ಸಲೀಸಾಗಿತ್ತು, ಕಾಗದದ ಮೇಲೆ. ನೋಡ್‌ನ ಸುತ್ತ ಒಂದು ವೃತ್ತ ಎಳೆದು, ಒಳಗಿದ್ದವರಿಗೆಲ್ಲ ಕೇಳಿಸುತ್ತದೆ, ಹೊರಗಿದ್ದವರಿಗೆ ಇಲ್ಲ ಎನ್ನುತ್ತಿದ್ದರು. 2003ರಲ್ಲಿ ಝಾವೊ ಮತ್ತು ಗೋವಿಂದನ್ ನಿಜವಾದ ನೋಡ್‌ಗಳನ್ನಿಟ್ಟು ಅಳೆದಾಗ ಆ ವೃತ್ತ ಒಡೆಯಿತು. ನಡುವೆ ಅಗಲವಾದ ಬೂದು ವಲಯವೊಂದು ಕಂಡಿತು. ಅಲ್ಲಿ ದೂರ ಒಂದೇ ಆದರೂ ಒಂದು ಜೋಡಿ ಚೆನ್ನಾಗಿ ಮಾತಾಡುತ್ತದೆ, ಇನ್ನೊಂದು ತೊದಲುತ್ತದೆ. ಮೊದಲನೆಯದು ಹೇಳಿದ್ದು ಎರಡನೆಯದಕ್ಕೆ ಕೇಳಿಸಿದರೂ ಎರಡನೆಯದು ಹೇಳಿದ್ದು ಮೊದಲನೆಯದಕ್ಕೆ ಕೇಳಿಸದ ಜೋಡಿಗಳೂ ಇದ್ದವು.

ಅದೇ ವರ್ಷ ಎಂಐಟಿಯ ಡಿ ಕೌಟೊ ಮತ್ತು ಸಂಗಡಿಗರು ‘ಇಟಿಎಕ್ಸ್’ ಅಳತೆ ಕೊಟ್ಟರು. ಒಂದು ಪ್ಯಾಕೆಟ್ ಮುಟ್ಟಿ, ಮುಟ್ಟಿತೆಂಬ ಉತ್ತರ ಮರಳಲು ಸರಾಸರಿ ಎಷ್ಟು ಸಲ ಕಳಿಸಬೇಕು? ಹೋಗುವಾಗ ನೂರಕ್ಕೆ 80, ಬರುವಾಗ 50 ಮುಟ್ಟಿದರೆ 0.8 ಗುಣಿಸು 0.5, ಅಂದರೆ 0.4, ಒಂದನ್ನು ಅದರಿಂದ ಭಾಗಿಸಿದರೆ 2.5 ಸಲ. ಇಷ್ಟು ಸರಳವಾದ ಲೆಕ್ಕ ಇಂದಿಗೂ ಸವೆದಿಲ್ಲ. 2012ರ ‘ಆರ್‌ಪಿಎಲ್’ ರೂಟಿಂಗ್ (ದಾರಿ ಆಯ್ಕೆ) ಮಾನದಂಡದ ಬಳಗದಲ್ಲೂ ಅದಕ್ಕೆ ಜಾಗವಿದೆ. ತೊಡಕೆಂದರೆ, ನೂರಕ್ಕೆ ಎಷ್ಟು ಎಂದು ತಿಳಿಯಲು ಪರೀಕ್ಷಾ ಪ್ಯಾಕೆಟ್ ಕಳಿಸುತ್ತಲೇ ಇರಬೇಕು. ದಾರಿ ವಿಚಾರಿಸುವುದರಲ್ಲೇ ಬ್ಯಾಟರಿ ಬರಿದು.

ಹಾಗಾಗಿ ರೇಡಿಯೊ ಚಿಪ್ಪು ಪುಕ್ಕಟೆ ಕೊಡುವ ಅಂಕಿಯತ್ತ ಕಣ್ಣು ಹೋಯಿತು. ಆ ಅಂಕಿ ಹೇಳುವ ಸಿಗ್ನಲ್ ಬಲವನ್ನು ಬಹಳ ಜನ ನಂಬಲಾಗದೆಂದು ಬದಿಗಿಟ್ಟಿದ್ದರು. 2006ರಲ್ಲಿ ಶ್ರೀನಿವಾಸನ್ ಮತ್ತು ಲೆವಿಸ್ ಆ ಮಾತು ಹಳೆಯ ಚಿಪ್ಪುಗಳಿಗೆ ಸಲ್ಲುತ್ತದೆ, ಹೊಸ ಸಿಸಿ2420 ಚಿಪ್ಪಿಗೆ ಅಲ್ಲವೆಂದು ತೋರಿಸಿದರು. ಆದರೆ ಚಿಪ್ಪು ಅಳೆಯುವುದು ಬಂದು ತಲುಪಿದ ಪ್ಯಾಕೆಟ್ಟನ್ನು ಮಾತ್ರ. ಕಳೆದುಹೋದದ್ದರ ಸುದ್ದಿ ಅದಕ್ಕಿಲ್ಲ.

ನನ್ನ ಮಟ್ಟಿಗೆ ನಿಜವಾದ ತಿರುವು 2007ರ ‘ನಾಲ್ಕು ಬಿಟ್’ ಅಂದಾಜು. ಸಿಗ್ನಲ್ ಸ್ವಚ್ಛವಿತ್ತೇ ಎಂದು ರೇಡಿಯೊದಿಂದ ಒಂದು ಬಿಟ್, ಉತ್ತರ ಬಂತೇ ಎಂದು ಅದರ ಮೇಲಿನ ಪದರದಿಂದ ಇನ್ನೊಂದು, ಈ ನೆರೆ ನಮಗೆ ಬೇಕೇ ಎಂಬುದಕ್ಕೆ ರೂಟಿಂಗ್‌ನಿಂದ ಎರಡು. ಹೇಗೂ ಹೋಗುವ ದತ್ತಾಂಶವೇ ಪರೀಕ್ಷೆಯೂ ಆಯಿತು. ಆಮೇಲೆ ಫಜ್ಜಿ ತರ್ಕ, ಯಂತ್ರಕಲಿಕೆ ಎಲ್ಲ ಬಂದವು; ಪ್ರಬಂಧಗಳು ಹೆಚ್ಚಿದಷ್ಟು ಹೊಲದ ನೋಡ್‌ಗಳ ಬುದ್ಧಿ ಹೆಚ್ಚಲಿಲ್ಲ.

ಹೊಲದ ಪಾಠವೇ ಬೇರೆ. ನೆದರ್‌ಲೆಂಡ್ಸ್‌ನ ಆಲೂಗಡ್ಡೆ ಹೊಲದಲ್ಲಿ 2005ರ ಹೊತ್ತಿಗೆ ಅಳೆದವರಿಗೆ ಎಲೆ ದಟ್ಟವಾದಂತೆ ಸಂಪರ್ಕ ಸೊರಗಿದ್ದು ಕಂಡಿತು. ಆದರೆ ರಾತ್ರಿ ಮತ್ತು ಮಳೆಯಲ್ಲಿ, ಯಾರೂ ಎಣಿಸದ ಹಾಗೆ, ಸುಧಾರಿಸಿತು. ರೋಣ ಸೀಮೆಯ ಎರೆಹೊಲದಲ್ಲಿ ಬಿತ್ತನೆಯ ದಿನ ನೆಟ್ಟ ನೋಡ್, ಜೋಳ ಆಳೆತ್ತರ ಬಂದ ಮೇಲೂ ಅದೇ ನೆರೆಯನ್ನು ಕೇಳಿಸಿಕೊಂಡೀತೆಂದು ನಂಬುವಂತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಗ್ ಕುಮಾರ್ ಅವರ ತಂಡ ಸಮಸ್ಯೆಯನ್ನು ಇನ್ನೊಂದು ತುದಿಯಿಂದ ಹಿಡಿಯಿತು: ಕಾಡುದಾರಿಯಲ್ಲಿ ನಡೆಯುತ್ತ ಹಿಂದಿನ ನೋಡ್‌ನೊಂದಿಗಿನ ಸಂಪರ್ಕ ಅಳೆದು, ಮುಂದಿನದನ್ನು ಇಲ್ಲೇ ಇಡುವುದೋ ಇನ್ನೂ ನಡೆಯುವುದೋ ಎಂದು ನಿಂತಲ್ಲೇ ತೀರ್ಮಾನಿಸುವ ಗಣಿತ.

ಈಗ ದೂರಕ್ಕೆ ಮುಟ್ಟುವ ‘ಲೋರಾ’ ರೇಡಿಯೊ ಬಂದು ಕೈಯಿಂದ ಕೈಗೆ ದಾಟಿಸುವ ಗೋಜನ್ನೇ ಬಹಳಷ್ಟು ಕಳೆದಿದೆ. ಅಂದಾಜಿನ ಕೆಲಸ ಮಾತ್ರ ಉಳಿದಿದೆ. ಲೋರಾ ಜಾಲದ ಸರ್ವರ್ ನೋಡ್‌ಗಳ ವೇಗ, ಶಕ್ತಿ ನಿಗದಿ ಮಾಡಲು ಸಾಮಾನ್ಯವಾಗಿ ಕೊನೆಯ 20 ಸಂದೇಶಗಳನ್ನು ನೋಡುತ್ತದೆ. ಹೊಳೆಆಲೂರಿನಲ್ಲಿ ಮಲಪ್ರಭೆಯ ನೀರಿನ ಮಟ್ಟ ನೋಡಲು ತಾಸಿಗೊಮ್ಮೆ ಮಾತಾಡುವ ನೋಡ್ ಇಟ್ಟರೆ ಆ 20 ಸಂದೇಶ ಸೇರಲು ಹೆಚ್ಚುಕಡಿಮೆ ಒಂದು ಹಗಲು-ರಾತ್ರಿ ಬೇಕು. 2019ರ ಆಗಸ್ಟ್‌ನಂತೆ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ಅಷ್ಟು ಹೊತ್ತು ಕಾಯುವುದಿಲ್ಲ. ಅಂಥ ನೋಡ್ ನೀರು ಏರುತ್ತಿದ್ದಂತೆ ಮಾತಿನ ಅಂತರವನ್ನು ತಾನೇ ಕಿರಿದು ಮಾಡಿಕೊಳ್ಳಬೇಕು.