ಟ್ಯಾಂಕ್: ಒಂದು ಪದದ ಹೋಗುಬರವು

ಹೊಸದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರ ಮಾಡದಕೆರೆಯ ಹೆಸರಿನಲ್ಲೇ ಕೆರೆಯಿದೆ. ಮೈಸೂರು ಸಂಸ್ಥಾನದ ಇಂಗ್ಲಿಷ್ ಕಡತಗಳಲ್ಲಿ ಕೆರೆಗೆ ‘ಟ್ಯಾಂಕ್’ ಎಂಬ ಹೆಸರು ನಿಂತಿತು. ಇಂದಿನ ಆಡುಮಾತಿನಲ್ಲಾದರೋ ಟ್ಯಾಂಕ್ ಎಂದರೆ ಕಂಬಗಳ ಮೇಲೆ ನಿಂತ ನೀರಿನ ತೊಟ್ಟಿ.

ಈ ಪದ 17ನೆಯ ಶತಮಾನದಲ್ಲಿ ಭಾರತದ ಪಶ್ಚಿಮ ಕರಾವಳಿಯಿಂದ ಇಂಗ್ಲಿಷಿಗೆ ಹೋಯಿತು. ಗುಜರಾತಿ, ಮರಾಠಿಗಳ ‘ಟಾಂಕಿ’, ‘ಟಾಂಕೆ’ ಅದರ ಮೂಲವೆಂಬುದು ಒಂದು ಮತ. ಅವುಗಳ ಹಿಂದೆ ಸಂಸ್ಕೃತದ ‘ತಡಾಗ’ವನ್ನು ಕಾಣುವವರೂ ಉಂಟು. ತಡೆಹಿಡಿ ಎಂಬ ಅರ್ಥದ ಧಾತುವಿಗೆ ಸೇರಿದ ಪೋರ್ಚುಗೀಸರ ‘ತಾಂಕೆ’ಯೇ ಮೂಲವೆಂಬುದು ಇನ್ನೊಂದು ಮತ. ಎರಡೂ ಬೆರೆತು ಇಂಗ್ಲಿಷ್ ಪದ ರೂಪುಗೊಂಡಿತೆನ್ನುವುದು ಹೆಚ್ಚು ಒಪ್ಪಿತವಾದ ನಿಲುವು.

ತಡಾಗದ ಮತ್ತೊಂದು ರೂಪ ‘ತಟಾಕ’. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಪ್ರಾಕೃತ ಬಂಡೆಶಾಸನವು ಅವನು ತಟಾಕ ನಿರ್ಮಿಸಿದುದನ್ನು ದಾಖಲಿಸುತ್ತದೆ. ಕನ್ನಡದ ‘ಕೆಱೆ’ಯಾದರೋ ದ್ರಾವಿಡ ಪದ, ತೆಲುಗಿನ ‘ಚೆರುವು’, ಮಲಯಾಳದ ‘ಚಿರ’ ಅದರ ಜ್ಞಾತಿಗಳು.

ಇಂಗ್ಲಿಷಿನಲ್ಲಿ ಪದದ ಅರ್ಥ ಬೇರೆ ದಾರಿ ಹಿಡಿಯಿತು. ನೀರು, ಎಣ್ಣೆ ತುಂಬುವ ದೊಡ್ಡ ಪಾತ್ರೆಯೆಲ್ಲ ಟ್ಯಾಂಕ್ ಆಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಹೊಸ ಯುದ್ಧವಾಹನದ ಗುಟ್ಟು ಕಾಯಲು ಅದನ್ನು ನೀರಿನ ತೊಟ್ಟಿಯೆಂದು ಕರೆದರು. 1916ರ ಸೆಪ್ಟೆಂಬರ್ 15ರಂದು ಸೊಮ್ಮ್ ರಣರಂಗಕ್ಕೆ ಇಳಿದ ಆ ವಾಹನಕ್ಕೆ ಹುಸಿಹೆಸರೇ ನಿಜನಾಮವಾಗಿ ಉಳಿಯಿತು.

ಸಂಶೋಧಕರಿಗೆ ಮುಖ್ಯವಾದುದು ಈ ಪದ ಮರೆಮಾಡಿದ ಭೇದಗಳು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಇಂಗ್ಲಿಷ್ ಅನುವಾದಗಳಲ್ಲಿ ಕೆರೆ ಟ್ಯಾಂಕ್ ಆಗುತ್ತದೆ. ಇಂಗ್ಲಿಷ್ ಬರಹಗಳಲ್ಲಿ ಕೊಳ, ಹೊಂಡ, ಕಲ್ಯಾಣಿಗಳಿಗೂ ಅದೇ ಪದ. ಬೆಳ್ಗೊಳದ ಹೆಸರಿಗೆ ಕಾರಣವಾದ ಬಿಳಿಯ ಕೊಳ ತೀರ್ಥಕ್ಷೇತ್ರದ ನೀರು. ಚಿತ್ರದುರ್ಗದ ಕೋಟೆಯೊಳಗಿನ ಅಕ್ಕತಂಗಿಯರ ಹೊಂಡ ದುರ್ಗದ ನೀರು. ಕೆರೆ ಬೇಸಾಯದ ನೀರು. ಏರಿ, ತೂಬು, ಕೋಡಿ, ಅಚ್ಚುಕಟ್ಟುಗಳಿದ್ದರೆ ಮಾತ್ರ ಅದು ಕೆರೆಯ ವ್ಯವಸ್ಥೆ. ಅದನ್ನು ಕಾಪಾಡಲು ಬಿಟ್ಟ ಭೂಮಿಗೆ ಶಾಸನಗಳಲ್ಲಿ ‘ಕೆರೆಗೊಡಗೆ’, ‘ಬಿತ್ತುವಟ್ಟ’ ಎಂಬ ಹೆಸರುಗಳಿವೆ. ಅನುವಾದವನ್ನಷ್ಟೇ ಓದಿ ನೀರಿನ ದಾನಗಳನ್ನು ಎಣಿಸುವವರಿಗೆ ಧರ್ಮಕಾರ್ಯಕ್ಕೂ ಕೃಷಿಗೂ ಇರುವ ಅಂತರ ಕಾಣದೆ ಹೋಗಬಹುದು. ಮೂಲಪಾಠದಲ್ಲಿರುವ ಪದ ಯಾವುದೆಂದು ನೋಡುವುದೇ ಇದಕ್ಕೆ ಪರಿಹಾರ.

ಪಶ್ಚಿಮ ಕರಾವಳಿಯಿಂದ ಹೊರಟ ಪದ ಕನ್ನಡಕ್ಕೆ ಟ್ಯಾಂಕ್, ಟ್ಯಾಂಕರ್ ಎಂದು ಬಂದಿದೆ. ಮೂಲದಲ್ಲಿ ಅದು ನೆಲದಲ್ಲಿ ಕಟ್ಟಿನಿಲ್ಲಿಸಿದ ನೀರನ್ನು ಹೇಳುತ್ತಿತ್ತು. ಈಗ ಹೇಳುವುದು ನೆಲದಿಂದ ಮೇಲೆತ್ತಿ ತುಂಬಿಟ್ಟ ನೀರನ್ನು. ಬಯಲುಸೀಮೆಯ ನೀರಿನ ಚರಿತ್ರೆಯ ದೊಡ್ಡ ಪಲ್ಲಟವೇ ಈ ಅರ್ಥಪಲ್ಲಟದಲ್ಲಿ ಅಡಗಿದೆ.